ಹಂಗಾಮಿಗೆ ಬಂದವರ ಇಮೇಲ್‌ಗೂ ಆರ್ಕೈವ್: ಬಳಕೆದಾರರ ಸೇರ್ಪಡೆಯನ್ನು ವೇಳಾಪಟ್ಟಿಗೆ ಒಪ್ಪಿಸುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗುತ್ತಿದ್ದಂತೆ ತೂಕದ ಕಾಟಾ, ಕೇನ್ ಆಫೀಸು, ಪ್ರಯೋಗಾಲಯ, ಗೋದಾಮುಗಳಿಗೆ ಹೊಸ ಸಿಬ್ಬಂದಿ ಬರುತ್ತಾರೆ; ಹಂಗಾಮು ಮುಗಿದೊಡನೆ ಅವರಲ್ಲಿ ಹಲವರು ಹೊರಡುತ್ತಾರೆ. ಪತ್ರಗಳ ಪ್ರತಿಗಳನ್ನು ದೀರ್ಘಕಾಲ ಕಾಪಿಡುವ ಇಮೇಲ್ ಆರ್ಕೈವ್ ತಂತ್ರಾಂಶದಲ್ಲಿ ಇವರ ಹೆಸರುಗಳನ್ನು ಕೈಯಿಂದ ಸೇರಿಸುತ್ತ ಕುಳಿತರೆ ಒಬ್ಬಿಬ್ಬರು ಬಿಟ್ಟುಹೋಗುವುದು ಖಂಡಿತ. ಬಿಟ್ಟುಹೋದವರ ಪತ್ರಗಳು ಆರ್ಕೈವ್‌ಗೆ ಸೇರುವುದೇ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು. ಯಾವ ಗಾಡಿ ಯಾವ ದಿನ ಕಾಟಾ ದಾಟಿತು ಎಂಬ ಪ್ರಶ್ನೆ ಎದ್ದಾಗ, ನಾಲ್ಕು ತಿಂಗಳಿದ್ದು ಹೋದ ಗುಮಾಸ್ತರೊಬ್ಬರು ಅಂದು ಕಳುಹಿಸಿದ್ದ ಒಂದು ಇಮೇಲ್ ರೈತನಿಗೂ ಕಾರ್ಖಾನೆಗೂ ಆಧಾರವಾಗಬಲ್ಲದು. ಆದ್ದರಿಂದ ಬಳಕೆದಾರರ ಸೇರ್ಪಡೆಯನ್ನು, ಅಂದರೆ ಪ್ರೊವಿಷನಿಂಗ್ ಕೆಲಸವನ್ನು, ನಿಗದಿತ ವೇಳೆಗೆ ತಾನಾಗಿ ನಡೆಯುವ ಟಾಸ್ಕ್ ಆಗಿ ಹೊಂದಿಸುವುದು ಒಳ್ಳೆಯದು.

ಮೊದಲ ಹೆಜ್ಜೆ ಸರ್ವಿಸ್ ಅಕೌಂಟ್, ಅಂದರೆ ವ್ಯಕ್ತಿಗಲ್ಲದೆ ತಂತ್ರಾಂಶದ ಬಳಕೆಗೆಂದು ತೆರೆದ ಖಾತೆ. ಟಾಸ್ಕ್ ತನ್ನ ಪಟ್ಟಿಯನ್ನು ಸಾಮಾನ್ಯವಾಗಿ ಆಕ್ಟಿವ್ ಡೈರೆಕ್ಟರಿಯಿಂದ, ಅಂದರೆ ಸಂಸ್ಥೆಯ ಬಳಕೆದಾರರ ಖಾತೆಗಳನ್ನೂ ಗ್ರೂಪ್‌ಗಳನ್ನೂ ದಾಖಲಿಸಿಡುವ ಮೈಕ್ರೋಸಾಫ್ಟ್‌ನ ವ್ಯವಸ್ಥೆಯಿಂದ, ಪಡೆಯುತ್ತದೆ. ಅದಕ್ಕೆಂದೇ ಪ್ರತ್ಯೇಕ ಖಾತೆ ತೆರೆದು, ಡೈರೆಕ್ಟರಿಯನ್ನು ಓದುವ ಅಧಿಕಾರವನ್ನಷ್ಟೇ ನೀಡಿ, ಸಂಪರ್ಕಕ್ಕೆ ಪೋರ್ಟ್ 389ರ ಬದಲು ಗೂಢಲಿಪೀಕರಣವಿರುವ 636 ಅನ್ನು ಬಳಸಬೇಕು. ಈ ಖಾತೆಯ ಪಾಸ್‌ವರ್ಡ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ಮಳೆಗಾಲದಲ್ಲಿ ಹೊಂದಿಸಿದ ಟಾಸ್ಕ್ ಒಂದೂವರೆ ತಿಂಗಳು ಸರಿಯಾಗಿ ನಡೆದು ಸದ್ದಿಲ್ಲದೆ ನಿಂತಿತು. ವಿಂಡೋಸ್ ಡೊಮೇನ್‌ನ ಮೂಲ ನಿಯಮದಂತೆ ಪಾಸ್‌ವರ್ಡ್‌ನ ಆಯುಷ್ಯ 42 ದಿನ. ನಾನು ಅದನ್ನು ಗಮನಿಸಿರಲಿಲ್ಲ; ಅವಧಿ ಮುಗಿದೊಡನೆ ಟಾಸ್ಕ್‌ಗೆ ಡೈರೆಕ್ಟರಿಯ ಬಾಗಿಲು ಮುಚ್ಚಿತ್ತು. ಹಳೆಯ ಸಿಬ್ಬಂದಿಯ ಪತ್ರಗಳು ಎಂದಿನಂತೆ ಆರ್ಕೈವ್ ಆಗುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹಂಗಾಮಿಗೆ ಬಂದ ಒಬ್ಬರೂ ಪಟ್ಟಿಯಲ್ಲಿಲ್ಲವೆಂಬುದು ತಿಳಿದಾಗ ಹಲವು ವಾರಗಳೇ ಕಳೆದಿದ್ದವು. ಪಾಸ್‌ವರ್ಡ್ ಬದಲಿಸುವ ದಿನವನ್ನು ಖಾತೆ ತೆರೆದ ದಿನವೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಎರಡನೆಯದು, ಯಾರು ಸೇರಬೇಕು ಎಂಬ ನಿರ್ಣಯ. ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗವಿದು. ಹೆಸರುಗಳನ್ನು ಒಂದೊಂದಾಗಿ ಆರಿಸದೆ ಗ್ರೂಪ್‌ಗಳ ಮೂಲಕ ಆರಿಸಬೇಕು. ಗ್ರೂಪ್‌ನೊಳಗೆ ಗ್ರೂಪ್ ಇದ್ದರೆ, ಸದಸ್ಯತ್ವ ಕೇಳುವ ಸಾಮಾನ್ಯ ಎಲ್‌ಡಿಎಪಿ ಫಿಲ್ಟರ್ (ಡೈರೆಕ್ಟರಿಯಲ್ಲಿ ಹುಡುಕುವ ಷರತ್ತು) ನೇರ ಸದಸ್ಯರನ್ನಷ್ಟೇ ಕೊಡುತ್ತದೆ. ಕಾಟಾ ಸಿಬ್ಬಂದಿಯ ಗ್ರೂಪನ್ನು ಕೇನ್ ಆಫೀಸಿನ ಗ್ರೂಪ್‌ನೊಳಗೆ ಇಟ್ಟಿದ್ದರೆ ಕಾಟಾದವರು ಯಾರೂ ಸಿಗುವುದಿಲ್ಲ. ಒಳಗಿನವರೂ ಬೇಕಾದರೆ ಫಿಲ್ಟರ್‌ನಲ್ಲಿ 1.2.840.113556.1.4.1941 ಎಂಬ ನಿಯಮಸಂಖ್ಯೆಯನ್ನು ಸೇರಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಕೆಲಸ ಬಿಟ್ಟವರು ಬರಬಾರದೆಂದು ನಿಷ್ಕ್ರಿಯ ಖಾತೆಗಳನ್ನು ಹೊರಗಿಡುವ ಫಿಲ್ಟರ್ ಹಾಕುವುದು ರೂಢಿ. ಆದರೆ ಮೈಕ್ರೋಸಾಫ್ಟ್‌ನ ಇಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನಲ್ಲಿ ಹಲವರು ಹಂಚಿಕೊಂಡು ಬಳಸುವ ಶೇರ್ಡ್ ಮೇಲ್‌ಬಾಕ್ಸ್‌ನ ಹಿಂದಿರುವ ಖಾತೆಯೂ ನಿಷ್ಕ್ರಿಯವೇ ಆಗಿರುತ್ತದೆ. ಹೀಗಾಗಿ ರೈತರ ದೂರುಗಳು ಬಂದು ಬೀಳುವ ಕೇನ್ ಆಫೀಸಿನ ಸಾಮಾನ್ಯ ಮೇಲ್‌ಬಾಕ್ಸೇ ಪಟ್ಟಿಯಿಂದ ಜಾರಿಹೋಗಬಹುದು. ಅಂಥವನ್ನು ಬೇರೆ ಗ್ರೂಪ್‌ನಲ್ಲಿಟ್ಟು ಸೇರಿಸಬೇಕು.

ಗ್ರೂಪ್‌ಗಳ ಅನುಕ್ರಮಕ್ಕೂ ಅರ್ಥವಿದೆ. ಎಂಟರ್‌ಪ್ರೈಸ್ ವಾಲ್ಟ್ ಎಂಬ ಆರ್ಕೈವ್ ತಂತ್ರಾಂಶದಲ್ಲಿ ಒಬ್ಬ ಬಳಕೆದಾರ ಎರಡು ಪ್ರೊವಿಷನಿಂಗ್ ಗ್ರೂಪ್‌ಗಳಲ್ಲಿದ್ದರೆ ಪಟ್ಟಿಯಲ್ಲಿ ಮೇಲಿರುವ ಗ್ರೂಪ್‌ನ ಪಾಲಿಸಿಯೇ, ಅಂದರೆ ಆರ್ಕೈವಿಂಗ್ ನಿಯಮವೇ, ಅನ್ವಯಿಸುತ್ತದೆ. ಲೆಕ್ಕಪತ್ರ ವಿಭಾಗದಂಥ ವಿಶೇಷ ಗ್ರೂಪ್‌ಗಳನ್ನು ಮೇಲಿಟ್ಟು, ಎಲ್ಲ ಸಿಬ್ಬಂದಿಯ ಗ್ರೂಪನ್ನು ಕೊನೆಗಿಡಿ.

ಇಷ್ಟಾದ ಮೇಲೆ ಟಾಸ್ಕನ್ನು ನೇರವಾಗಿ ಓಡಿಸಬಾರದು. ಏನನ್ನೂ ಬದಲಿಸದೆ ವರದಿಯನ್ನಷ್ಟೇ ಕೊಡುವ ವಿಧಾನ, ಅಥವಾ ಪರೀಕ್ಷಾ ಗುಂಡಿ, ಇಂಥ ತಂತ್ರಾಂಶಗಳಲ್ಲಿ ಇರುತ್ತದೆ. ವರದಿಯನ್ನು ಸಿಬ್ಬಂದಿ ವಿಭಾಗದ ಹಾಜರಿ ಪಟ್ಟಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿ. ತೆಗೆದುಹಾಕಬೇಕಾದವರ ಕೆಳಗೆ ಒಂದು ವಿಭಾಗದವರೆಲ್ಲರ ಹೆಸರೂ ಕಂಡರೆ ಅವರೆಲ್ಲ ಕೆಲಸ ಬಿಟ್ಟಿದ್ದಾರೆಂದಲ್ಲ, ಡೈರೆಕ್ಟರಿಯಲ್ಲಿ ಯಾರೋ ಆ ವಿಭಾಗದ ಹೆಸರನ್ನು ಬದಲಿಸಿದ್ದಾರೆ ಎಂದೇ ಮೊದಲು ಶಂಕಿಸಬೇಕು. ಒಂದೇ ಬಾರಿಗೆ ಇಷ್ಟಕ್ಕಿಂತ ಹೆಚ್ಚು ಜನರನ್ನು ತೆಗೆಯಬಾರದೆಂಬ ಮಿತಿಯ ಸೌಲಭ್ಯ ಇದ್ದರೆ ಅದನ್ನು ಬಳಸಿಕೊಳ್ಳಿ.

ವೇಳೆಯ ನಿಯಮ ಸರಳ: ಮೊದಲು ಸೇರ್ಪಡೆ, ಆಮೇಲೆ ಆರ್ಕೈವಿಂಗ್. ರಾತ್ರಿ 1 ಗಂಟೆಗೆ ಪ್ರೊವಿಷನಿಂಗ್, 2 ಗಂಟೆಗೆ ಆರ್ಕೈವಿಂಗ್ ಇಟ್ಟರೆ ಅಂದು ಸೇರಿದವರ ಪತ್ರಗಳು ಅದೇ ರಾತ್ರಿ ಸೇರುತ್ತವೆ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದ್ದರೆ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನಮ್ಮ ರಾತ್ರಿ 2 ಗಂಟೆಗೆ ಅಲ್ಲಿ ಹಿಂದಿನ ದಿನದ 20:30 ಎಂಬುದು ನೆನಪಿರಲಿ. ಮುಖ್ಯ ಕಚೇರಿ ಬೆಳಗಾವಿಯಲ್ಲಿದ್ದು ಎರಡೂ ಕಡೆ ಪ್ರತ್ಯೇಕ ಡೊಮೇನ್ ಕಂಟ್ರೋಲರ್ (ಡೈರೆಕ್ಟರಿಯ ಪ್ರತಿ ಇಟ್ಟಿರುವ ಸರ್ವರ್) ಇದ್ದರೆ, ಸೈಟ್‌ಗಳ ನಡುವಿನ ವಿನಿಮಯದ ಮೂಲ ಅಂತರ 180 ನಿಮಿಷ. ಅಲ್ಲಿ ಸಂಜೆ ಸೇರಿಸಿದ ಹೆಸರು ಇಲ್ಲಿ ಕಾಣಲು ಮೂರು ಗಂಟೆ ಹಿಡಿಯಬಹುದು. ಹಂಗಾಮಿನ ಮೊದಲ ಎರಡು ವಾರ ಮಧ್ಯಾಹ್ನಕ್ಕೊಂದು ಹೆಚ್ಚುವರಿ ಓಟ ಇಡುವುದು ನನ್ನ ಪದ್ಧತಿ.

ಹೋದವರ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಖಾತೆಯನ್ನು ತೆಗೆದುಹಾಕುವುದು ಬೇರೆ, ಆರ್ಕೈವನ್ನು ಅಳಿಸುವುದು ಬೇರೆ. ಉದಾಹರಣೆಗೆ, ಮೇಲ್‌ಸ್ಟೋರ್ ಸರ್ವರ್ ಎಂಬ ಆರ್ಕೈವ್ ತಂತ್ರಾಂಶದಲ್ಲಿ ಡೈರೆಕ್ಟರಿಯಿಂದ ಹೋದ ಬಳಕೆದಾರರನ್ನು ತಾನಾಗಿ ತೆಗೆಯುವ ಆಯ್ಕೆಯಿದೆ, ಆದರೂ ಅವರ ಪತ್ರಗಳಿರುವ ಆರ್ಕೈವ್ ಉಳಿಯುತ್ತದೆ. ನಿಮ್ಮ ತಂತ್ರಾಂಶ ಏನು ಮಾಡುತ್ತದೆಂಬುದನ್ನು ಕೈಪಿಡಿಯಲ್ಲಿ ಓದಿ ಖಚಿತಪಡಿಸಿಕೊಳ್ಳದೆ ಆ ಆಯ್ಕೆಯನ್ನು ಮುಟ್ಟಬೇಡಿ.

ಟಾಸ್ಕ್ ವಿಫಲವಾದಾಗ ನಿಮಗೆ ಇಮೇಲ್ ಬರುವಂತೆ ಮಾಡಿ. ಏನೇನು ನಡೆಯಿತೆಂಬ ದಾಖಲೆಗಳಾದ ಲಾಗ್‌ಗಳನ್ನು ಕನಿಷ್ಠ 180 ದಿನ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವೂ ಅದನ್ನೇ ಹೇಳುತ್ತದೆ. ಕೊನೆಯದಾಗಿ, ಸಂಜೆ ಒಂದು ಪರೀಕ್ಷಾ ಖಾತೆ ತೆರೆದು ಅದಕ್ಕೊಂದು ಪತ್ರ ಕಳುಹಿಸಿ. ಮರುದಿನ ಬೆಳಿಗ್ಗೆ ಆ ಪತ್ರ ಆರ್ಕೈವ್‌ನಲ್ಲಿರಬೇಕು. ಬಳಿಕ ಖಾತೆಯನ್ನು ನಿಷ್ಕ್ರಿಯಗೊಳಿಸಿ ಇನ್ನೊಂದು ರಾತ್ರಿ ಕಾಯಿರಿ: ಆ ಹೆಸರಿನಲ್ಲಿ ಲಾಗಿನ್ ಆಗಕೂಡದು, ಆದರೆ ಲೆಕ್ಕಪರಿಶೋಧಕರು ಹುಡುಕಿದಾಗ ಪತ್ರ ಸಿಗಬೇಕು.