ಎಕ್ಸಾಂ ಬರೀದೇ ಪಿಯುಸಿ ಪಾಸಾದೋಳು ನಾಲ್ಕನೇ ವರ್ಷ ಆನರ್ಸ್ ಮಾಡಿದ್ದು

ನಾನು ಕೊರೊನಾ ಬ್ಯಾಚು. 2021ರಲ್ಲಿ ಸೆಕೆಂಡ್ ಪಿಯುಸಿ ಎಕ್ಸಾಂ ಕ್ಯಾನ್ಸಲ್ ಮಾಡಿ ಎಸ್ಸೆಸ್ಸೆಲ್ಸಿ ಮಾರ್ಕ್ಸಿಗೆ 45 ಪರ್ಸೆಂಟು, ಫಸ್ಟ್ ಪಿಯುಸಿಗೆ 45, ಇಂಟರ್ನಲ್‌ಗೆ 10 ಅಂತ ಲೆಕ್ಕ ಹಾಕಿ ಎಲ್ರನ್ನೂ ಪಾಸ್ ಮಾಡಿದ್ರಲ್ಲ, ಅದೇ ಬ್ಯಾಚು. ಮದುವೆ ಮನೇಲಿ ಯಾರಾದ್ರೂ "ಏನ್ ಓದ್ತಿದೀಯಮ್ಮ" ಅಂದ್ರೆ ನಾನು ಬಾಯಿ ಬಿಡೋಕ್ ಮುಂಚೆ ನಮ್ ಚಿಕ್ಕಪ್ಪ "ಇವ್ಳು ಕೊರೊನಾ ಪಾಸು" ಅಂತ ನಗೋರು. ತಮಾಷೆಗೇ ಅನ್ನಿ, ಆದ್ರೂ ಚುಚ್ತಿತ್ತು.

ಅದೇ ವರ್ಷ ಆಗಸ್ಟಲ್ಲಿ ಕರ್ನಾಟಕ ದೇಶಕ್ಕೇ ಮೊದಲು ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಜಾರಿ ಮಾಡ್ತು. ನಾನು ತುಮಕೂರು ಜಿಲ್ಲೆ ತಾಲ್ಲೂಕು ಕಾಲೇಜಲ್ಲಿ ಬಿಎಸ್ಸಿ, ಕೆಮಿಸ್ಟ್ರಿ ಮತ್ತೆ ಬಾಟನಿ. ಡಿಎಸ್‌ಸಿ (ಮುಖ್ಯ ಸಬ್ಜೆಕ್ಟಿನ ಪೇಪರ್) ಅಂದ್ರೇನು, ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸ್ಕೊಳ್ಳೋ ಪೇಪರ್) ಅಂದ್ರೇನು ಅಂತ ಸೀನಿಯರ್ಸ್‌ನ ಕೇಳೋಣ ಅಂದ್ರೆ ಅವ್ರದ್ದು ಹಳೇ ಸ್ಕೀಮು, ಲೆಕ್ಚರರ್ಸ್‌ಗೂ ಎಲ್ಲ ಹೊಸದೇ. ಮೂರು ವರ್ಷಕ್ಕೆ ಬಿಟ್ರೆ ಡಿಗ್ರಿ, ನಾಲ್ಕು ವರ್ಷ ಓದಿದ್ರೆ ಆನರ್ಸ್, ಇಷ್ಟು ಮಾತ್ರ ಅರ್ಥ ಆಗಿತ್ತು.

ಸರಿಯಾಗಿ ನಮ್ದು ಆರನೇ ಸೆಮ್ ನಡೀತಿರೋವಾಗ, 2024ರ ಮೇನಲ್ಲಿ, ಸರ್ಕಾರ ನಾಲ್ಕು ವರ್ಷದ ಡಿಗ್ರಿ ತೆಗೆದು ಮತ್ತೆ ಮೂರು ವರ್ಷಕ್ಕೇ ತಂತು. ಕ್ಲಾಸಲ್ಲಿ ಎಲ್ರೂ ನಾಲ್ಕನೇ ವರ್ಷನೇ ಇಲ್ಲ ಅನ್ಕೊಂಡ್ರು. ಆದ್ರೆ ಆದೇಶದಲ್ಲಿ, ಆಗ್ಲೇ ಎನ್‌ಇಪಿಲಿ ಸೇರಿರೋರು ಇಷ್ಟ ಇದ್ರೆ ಆನರ್ಸ್ ಮಾಡ್ಬಹುದು ಅಂತ ಇತ್ತು. ಆಫೀಸಲ್ಲಿ ಕೇಳಿದ್ರೆ ಗೊತ್ತಿಲ್ಲ, ನೋಡ್ಬೇಕು, ಮುಂದಿನ ವಾರ ಬನ್ನಿ. ನಾನು ಆದೇಶದ ಪ್ರಿಂಟ್ ತಗೊಂಡು ಹೋಗಿ ಟೇಬಲ್ ಮೇಲಿಟ್ಟ ಮೇಲೇ ಫೈಲ್ ಅಲ್ಲಾಡಿದ್ದು. 38 ಜನದಲ್ಲಿ ಉಳಿದಿದ್ದು ನಾವು ನಾಲ್ಕೇ ಜನ, ಬಾಕಿಯೋರು ಬಿಎಡ್ಡು, ಕೆಲಸ, ಒಬ್ಳಿಗೆ ಮದುವೆ. ಮನೇಲಿ ಚಿಕ್ಕಪ್ಪ "ಮೂರು ವರ್ಷಕ್ಕೇ ಡಿಗ್ರಿ ಕೊಡ್ತಾರಂತೆ, ನಿಂಗ್ಯಾಕೆ ನಾಲ್ಕು?" ಅಂದ್ರು. ಅಪ್ಪ ಮಾತಾಡ್ಲಿಲ್ಲ, ಫೀಸ್ ಕಟ್ಟೋಕೆ ದುಡ್ಡು ಕೊಟ್ರು ಅಷ್ಟೆ.

ಸೇರೋರು ನೋಡ್ಕೋಬೇಕಾದ್ದು ಒಂದಿದೆ. ಯುಜಿಸಿ ಚೌಕಟ್ಟಲ್ಲಿ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕಕ್ಕೆ 160. ಬರೀ ಆನರ್ಸ್ ಬೇರೆ, ಆನರ್ಸ್ ವಿತ್ ರಿಸರ್ಚ್ ಬೇರೆ. ರಿಸರ್ಚ್ ಬೇಕಂದ್ರೆ ಮೊದಲ ಆರು ಸೆಮ್ಮಲ್ಲಿ 75 ಪರ್ಸೆಂಟ್ ಇರ್ಬೇಕು. ನಂದು 77 ಇತ್ತು, ಅದೂ ಬಾಟನಿ ಪುಣ್ಯದಿಂದ. ನಾಲ್ಕನೇ ವರ್ಷಕ್ಕೆ ಒಂದೇ ಸಬ್ಜೆಕ್ಟ್ ಹಿಡೀಬೇಕಿತ್ತು, ನಾನು ಕೆಮಿಸ್ಟ್ರಿ ಹಿಡ್ದೆ. ಎಬಿಸಿ ಐಡಿಲಿ (ನಮ್ ಕ್ರೆಡಿಟ್ ಎಲ್ಲ ಜಮಾ ಆಗೋ ಆನ್‌ಲೈನ್ ಖಾತೆ) ಹೆಸ್ರು ಆಧಾರ್‌ನಲ್ಲಿದ್ದಂಗೇ ಇದೆಯಾ ಅಂತ ಮೊದ್ಲೇ ನೋಡ್ಕೊಳ್ಳಿ, ನಂದು ಒಂದು ಇನಿಶಿಯಲ್ ಹೆಚ್ಚಾಗಿ ಎರಡು ತಿಂಗಳು ಅಲೆದಿದೀನಿ. ಏಳನೇ ಸೆಮ್ ಬಗ್ಗೆ ಹೇಳೋಕೆ ಏನೂ ಇಲ್ಲ, ಪುಸ್ತಕ ಸಿಗೋಷ್ಟರಲ್ಲಿ ಎಕ್ಸಾಂ ಬಂತು.

ಎಂಟನೇ ಸೆಮ್ಮಲ್ಲಿ ಪ್ರಾಜೆಕ್ಟು. ನಾನು ಮೊದ್ಲು ನ್ಯಾನೋ ಪಾರ್ಟಿಕಲ್ಲು ಅಂತ ಏನೇನೋ ಬರ್ಕೊಂಡ್ ಹೋಗಿದ್ದೆ, ಗೈಡ್ ಮೇಡಂ ಓದಿ "ಇದಕ್ಕೆ ಬೇಕಾದ ಮಷೀನ್ ನಮ್ ಕಾಲೇಜಲ್ಲಿ ಯಾವ್ದಿದೆ, ತೋರ್ಸು" ಅಂದ್ರು. ಒಂದೂ ಇರ್ಲಿಲ್ಲ. ಇದ್ದಿದ್ದು ಬ್ಯೂರೆಟ್ಟು, ಪಿಪೆಟ್ಟು, ನೀರಿನ ಸ್ಯಾಂಪಲ್ ಹಿಡಿಯೋ 300 ಎಂಎಲ್‌ನ ಹನ್ನೆರಡು ಬಿಒಡಿ ಬಾಟ್ಲು. ಅವತ್ತು ಸಂಜೆ ಊರಿಗೆ ಬಂದು ಕೆರೆ ಏರಿ ಮೇಲೆ ಹೋಗ್ತಿದ್ದೆ, ಮೀನು ಟೆಂಡರ್ ಹಿಡಿದಿದ್ದ ಅಣ್ಣ ಸಿಕ್ಕಿ, ಮೋಡ ಕವಿದ ಮಾರನೇ ದಿನ ಬೆಳಗಿನ ಜಾವ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಿಡ್ತವೆ, ಬಿಸಿಲೇರಿದ್ರೆ ಸರಿಹೋಗ್ತವೆ, ಯಾರೋ ವಿಷ ಹಾಕ್ತಾರೆ ಅಂತ ಅಂದ. ನಮ್ಮ ಕೆರೆಗೆ ಊರ ಚರಂಡಿ ನೀರು ಬಂದು ಪಾಚಿ ಬೆಳ್ದು ನೀರೇ ಹಸಿರಾಗಿದೆ. ನೀರಲ್ಲಿ ಆಕ್ಸಿಜನ್ನೇ ಕಮ್ಮಿಯಾಗ್ತಿರ್ಬೇಕು, ಪ್ರಾಜೆಕ್ಟ್ ಸಿಕ್ತು ಅನ್ನಿಸ್ತು.

ನೀರಲ್ಲಿ ಕರಗಿರೋ ಆಕ್ಸಿಜನ್ ಅಳೆಯೋದು ವಿಂಕ್ಲರ್ ವಿಧಾನ. ಬಾಟ್ಲು ಮುಳುಗಿಸಿ, ಒಂದು ಗುಳ್ಳೆನೂ ಇಲ್ದಂಗೆ ಮುಚ್ಚಳ ಹಾಕ್ಬೇಕು, ಆಮೇಲೆ ಅಲ್ಲೇ ಕೆರೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟು, ಆಲ್ಕಲೈನ್ ಅಯೋಡೈಡು ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿದ್ರೆ ಆಕ್ಸಿಜನ್ ಇದ್ರೆ ಕಂದು ಬಣ್ಣಕ್ಕೆ ಒಡೆದು ರಾಗಿ ಅಂಬ್ಲಿ ತಳ ಕೂತಂಗೆ ಕೂರುತ್ತೆ, ಇಲ್ಲಾಂದ್ರೆ ಬೆಳ್ಳಗೇ ಉಳ್ಯುತ್ತೆ. ಅಪ್ಪನ ಟಿವಿಎಸ್ ಎಕ್ಸೆಲ್ ಮುಂದೆ ಹಾಲಿನ ಕ್ರೇಟ್ ಇಟ್ಟು ಬಾಟ್ಲಿಗೆಲ್ಲ ಹಳೇ ಟವಲ್ ಸುತ್ತಿ ಕಾಲೇಜಿಗೆ ಒಯ್ಯೋದು. ಅಲ್ಲಿ ಸಲ್ಫ್ಯೂರಿಕ್ ಆಸಿಡ್ ಹಾಕಿದ್ರೆ ಕಂದು ಕರಗಿ ಜೇನುತುಪ್ಪದ ಬಣ್ಣ. 200 ಎಂಎಲ್ ತಗೊಂಡು 0.025 ನಾರ್ಮಲ್ (ಅದು ದ್ರಾವಣದ ಶಕ್ತಿ) ಥಯೋಸಲ್ಫೇಟಲ್ಲಿ ಟೈಟ್ರೇಟ್ ಮಾಡಿ, ತಿಳಿ ಹಳದಿ ಆದ್ಮೇಲೆ ಸ್ಟಾರ್ಚ್ ಬಿಟ್ಟು, ನೀಲಿ ಹೋಗೋವರ್ಗೂ ಒಂದೊಂದೇ ಹನಿ. ಬ್ಯೂರೆಟ್ಟಲ್ಲಿ ಎಷ್ಟು ಎಂಎಲ್ ಇಳೀತೋ ಲೀಟರಿಗೆ ಅಷ್ಟೇ ಮಿಲಿಗ್ರಾಂ ಆಕ್ಸಿಜನ್.

ಒಂದು ತಿಂಗಳು ಡೇಟಾ ತೆಗೆದು ಖುಷಿಯಾಗಿ ಮೇಡಂಗೆ ತೋರಿಸಿದ್ರೆ ಅವ್ರು ಕನ್ನಡಕ ತೆಗೆದು "ಬೆಳಗ್ಗೆ ಆರು ಗಂಟೆಗೆ 9.6? ರಾತ್ರಿಯೆಲ್ಲ ಕೆರೆಗೆ ಸಿಲಿಂಡರ್ ಇಟ್ಟಿದ್ರೇನಮ್ಮ?" ಅಂದ್ರು. 25 ಡಿಗ್ರಿಲಿ ನೀರು ಗಾಳಿಯಿಂದ ಹಿಡ್ಕೊಳ್ಳೋದೇ ಹತ್ರ ಹತ್ರ 8. ಆಗಿದ್ದೇನಂದ್ರೆ ನಾನು ಬೀರುವಿನಲ್ಲಿದ್ದ ಥಯೋ ಬಾಟ್ಲಿ ಲೇಬಲ್ ನಂಬಿಬಿಟ್ಟಿದ್ದೆ, ಥಯೋ ಇಟ್ಟಲ್ಲೇ ಕೆಡುತ್ತೆ, ಶಕ್ತಿ ಹೋದ ದ್ರಾವಣ ಜಾಸ್ತಿ ಇಳೀಬೇಕು, ಲೆಕ್ಕದಲ್ಲಿ ಆಕ್ಸಿಜನ್ ಜಾಸ್ತಿ ಬರುತ್ತೆ. ಶಕ್ತಿ ಖಚಿತವಾಗಿ ಗೊತ್ತಿರೋ ಡೈಕ್ರೋಮೇಟ್ ಜೊತೆ ಹೋಲಿಸಿ ನೋಡಿದ್ರೆ 0.025 ಅಲ್ಲ, 0.014. ಈಗ ಗೊತ್ತಾಯ್ತಲ್ಲ, ಹಳೇದನ್ನೆಲ್ಲ ಅದ್ರಿಂದ ಗುಣಿಸಿ ಸರಿಮಾಡ್ಲಾ ಅಂದೆ. "ಹೋದ ತಿಂಗಳು ಅದು ಎಷ್ಟಿತ್ತು ಅಂತ ನಿಂಗೊತ್ತಾ?" ಗೊತ್ತಿರ್ಲಿಲ್ಲ. ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡು ಅತ್ತೆ, ಸುಳ್ಳ್ಯಾಕೆ ಹೇಳ್ಲಿ.

ಮತ್ತೆ ಮೊದಲಿಂದ ಶುರು. ಪ್ರತಿ ಸಲ ಥಯೋ ಚೆಕ್ ಮಾಡಿಯೇ ಬಾಟ್ಲು ಮುಟ್ತಿದ್ದಿದ್ದು. ಏಪ್ರಿಲಲ್ಲಿ ಒಂದು ದಿನ ಪೂರ್ತಿ ಮೂರು ಗಂಟೆಗೊಂದ್ಸಲ ನೀರು ತೆಗೆದ್ವಿ, ರಾತ್ರಿ ಟಾರ್ಚ್ ಹಿಡ್ಕೊಂಡು ಅಪ್ಪನೂ ಬಂದಿದ್ರು. ಮಧ್ಯಾಹ್ನ ಮೂರಕ್ಕೆ 11.4, ಬೆಳಗ್ಗೆ ಆರಕ್ಕೆ 2.1. ಹಗಲು ಪಾಚಿ ಆಕ್ಸಿಜನ್ ಬಿಡುತ್ತೆ, ರಾತ್ರಿ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತೆ. ಮೋಡ ಇದ್ರೆ ಹಗಲು ತಯಾರಾಗೋದೇ ಕಮ್ಮಿ, ಬೆಳಗಿನ ಜಾವಕ್ಕೆ ಮೀನು ಬಾಯಿ ಬಿಡದೆ ಏನ್ ಮಾಡುತ್ತೆ. ಮೀನಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 4 ಇರ್ಬೇಕು ಅನ್ನುತ್ತೆ. ಮಧ್ಯಾಹ್ನ ಮಾತ್ರ ನೀರು ತೆಗೆದವ್ರಿಗೆ ನಮ್ಮ ಕೆರೆ ಬಹಳ ಚೆನ್ನಾಗಿದೆ ಅಂತಾನೇ ಬರ್ತಿತ್ತು. ಟೆಂಡರ್ ಅಣ್ಣಂಗೆ ವಿಷ ಯಾರೂ ಹಾಕಿಲ್ಲ ಅಂದೆ, ಅವ್ನು ಪೂರ್ತಿ ನಂಬಿದ್ನೋ ಇಲ್ವೋ.

ವೈವಾದಲ್ಲಿ ಹೊರಗಿಂದ ಬಂದಿದ್ದ ಸರ್ ಥಿಯರಿ ಏನೂ ಕೇಳ್ಲಿಲ್ಲ, ನೇರ ಕೊನೇ ಪುಟ ತೆಗೆದು "ಈ ಮೊದಲ ತಿಂಗಳ ಟೇಬಲ್ ಯಾಕೆ ಹೊಡೆದುಹಾಕಿದೀಯ?" ಅಂತ ಅದ್ರಲ್ಲೇ ಇಪ್ಪತ್ತು ನಿಮಿಷ ಕೂರಿಸಿದ್ರು. ನನ್ನ ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಎಕ್ಸಾಂ ಮಾಡಿರ್ಲಿಲ್ಲ.

ಈಗ ಎಂಎಸ್ಸಿ ಮಾಡ್ತಿದೀನಿ, ಎರಡು ವರ್ಷದ್ದೇ. ನಾಲ್ಕು ವರ್ಷ ಮುಗಿಸಿದೋರಿಗೆ ಒಂದೇ ವರ್ಷದ ಪಿಜಿ ಅಂತ ಚೌಕಟ್ಟಲ್ಲಿ ಇದೆ, ಆದ್ರೆ ನಾನು ಅರ್ಜಿ ಹಾಕಿದ ಕಡೆ ಇರ್ಲಿಲ್ಲ, ಅದನ್ನ ಮೊದ್ಲೇ ಕೇಳ್ಕೊಳ್ಳಿ. 2023ರಲ್ಲಿ ಸೇರಿದ ಜೂನಿಯರ್ಸೇ ಎನ್‌ಇಪಿಯ ಕೊನೇ ಬ್ಯಾಚು, ಅವ್ರು ಫೋನ್ ಮಾಡಿ ಕೇಳ್ತಿರ್ತಾರೆ, ಅದಕ್ಕೇ ಇಷ್ಟೆಲ್ಲ ಬರ್ದೆ. ಕೆಮಿಸ್ಟ್ರಿ ತಗೊಳ್ಳೋರಿಗೆ ನನ್ನ ರಿಪೋರ್ಟ್ ಡಿಪಾರ್ಟ್‌ಮೆಂಟ್ ಬೀರುವಿನಲ್ಲಿದೆ, ಥಯೋ ಬಾಟ್ಲಿ ಪಕ್ಕದ ಶೆಲ್ಫು. ಹೊಡೆದುಹಾಕಿರೋ ಟೇಬಲ್ ಅದ್ರಲ್ಲಿ ಹಂಗೇ ಇದೆ, ತೆಗೀತೀನಿ ಅಂದ್ರೂ ಮೇಡಂ ಬಿಡ್ಲಿಲ್ಲ.