ತರಬೇತಿ ಮುಗಿದ ಮೇಲೆ ಮೊಟ್ಟೆ ಎಲ್ಲಿಂದ ತರುವುದು?

ಮೈಸೂರಿನಲ್ಲಿ ವಿದೇಶಿ ಅಧಿಕಾರಿಗಳಿಗೆ ರೇಷ್ಮೆ ಕೃಷಿಯನ್ನು ಕಲಿಸುವುದು ಹಲವು ವರ್ಷ ನನ್ನ ಕೆಲಸದ ಭಾಗವಾಗಿತ್ತು. ಅವರಲ್ಲಿ ಹೆಚ್ಚಿನವರು ಬರುತ್ತಿದ್ದುದು ಐಟೆಕ್ ಎಂದು ಕರೆಯಲಾಗುವ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮದ ಮೂಲಕ. ಕೇಂದ್ರ ಸಚಿವ ಸಂಪುಟದ ತೀರ್ಮಾನದಂತೆ 1964ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ವಿಮಾನದ ಟಿಕೆಟ್, ಬೋಧನಾ ಶುಲ್ಕ, ವಸತಿ, ಭತ್ಯೆ ಎಲ್ಲವನ್ನೂ ಭಾರತ ಸರ್ಕಾರವೇ ಭರಿಸುತ್ತದೆ. ಇದನ್ನು ದಾನವೆಂದು ಬಗೆಯಬೇಕಾಗಿಲ್ಲ. ಆಫ್ರಿಕಾ ಮತ್ತು ಏಷ್ಯಾದ ಸರ್ಕಾರಿ ಕಚೇರಿಗಳಲ್ಲಿ ಭಾರತವನ್ನು ಕಂಡು ಬಲ್ಲ ಅಧಿಕಾರಿಗಳು ಇರುವುದು ನಮ್ಮ ವಿದೇಶಾಂಗ ನೀತಿಗೆ ಬೇಕಾದ ಸಂಗತಿ, ಅದಕ್ಕೆ ತಗಲುವ ವೆಚ್ಚವೂ ದೊಡ್ಡದಲ್ಲ.

ಪಾಠಪಟ್ಟಿಯನ್ನು ನಾನು ಸಿದ್ಧಪಡಿಸುತ್ತಿದ್ದುದು ಅಭ್ಯರ್ಥಿಗಳು ತಮ್ಮ ದೇಶದ ಬಗ್ಗೆ ಬರೆದು ಕಳಿಸಿದ ಟಿಪ್ಪಣಿಗಳನ್ನು ಓದಿದ ನಂತರ. ಮಳೆ ಎಷ್ಟು ತಿಂಗಳು, ಹಿಪ್ಪುನೇರಳೆ ಈಗಾಗಲೇ ಇದೆಯೇ, ಗೂಡು ಕೊಳ್ಳುವವರು ಯಾರು ಎಂಬ ಮೂರು ವಿಷಯ ತಿಳಿದರೆ ಉಳಿದದ್ದನ್ನು ಹೊಂದಿಸಬಹುದಿತ್ತು. ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದ ಮೊದಲ ದಿನಗಳ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 80ಕ್ಕೂ ಹೆಚ್ಚು ತೇವಾಂಶ ಬೇಕು ಎಂದು ಹಲಗೆಯ ಮೇಲೆ ಬರೆಯುವುದು ಸುಲಭ. ವಿದ್ಯುತ್ ನೆಚ್ಚಲಾಗದ ಹಳ್ಳಿಯಲ್ಲಿ ಅದನ್ನು ಸಾಧಿಸುವ ಬಗೆಯನ್ನು ರೈತರೇ ತೋರಿಸಬೇಕು. ಆದ್ದರಿಂದ ತರಗತಿಯ ಅವಧಿಯನ್ನು ಮೊಟಕುಗೊಳಿಸಿ, ಒಂದು ಬೆಳೆ ಜ್ವರಕ್ಕೆ (ಹುಳು ಮೇಯುವುದನ್ನು ನಿಲ್ಲಿಸಿ ಪೊರೆ ಕಳಚುವ ಹಂತಕ್ಕೆ) ಹೋಗಿ ಏಳುವ ದಿನಗಳಿಗೆ ಸರಿಯಾಗಿ ಹಳ್ಳಿಯ ಭೇಟಿಯನ್ನು ಇಟ್ಟುಕೊಳ್ಳುತ್ತಿದ್ದೆ.

ತಿರುಮಕೂಡಲು ನರಸೀಪುರದ ಕಡೆಯ ಒಂದು ಹುಳು ಮನೆಯಲ್ಲಿ ಉಗಾಂಡದ ಅಧಿಕಾರಿಯೊಬ್ಬರು, ಮಾಪಕವಿಲ್ಲದೆ ತೇವಾಂಶ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮನೆಯ ಯಜಮಾನಿ, "ಹಾಸಿಗೆಗೆ ಕೈ ಹಾಕಿ ನೋಡಿ ಸಾರ್, ತಳದ ಸೊಪ್ಪು ಒದ್ದೆ ಅನ್ನಿಸಿದರೆ ಸುಣ್ಣ ಉದುರಿಸ್ತೀವಿ" ಎಂದರು. ಹುಳುಗಳು ಜ್ವರದಲ್ಲಿ ತಲೆಯೆತ್ತಿ ಅಲುಗಾಡದೆ ನಿಂತಿದ್ದವು. ಅವುಗಳ ಮೇಲೆ ಆಕೆ ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದರು; ಸೊಪ್ಪು ಒಣಗಿದರೆ ಮೊದಲು ಎದ್ದ ಹುಳು ಮೇಯದು, ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ನೂರಕ್ಕೆ ತೊಂಬತ್ತೈದು ಹುಳು ಎದ್ದ ಮೇಲೆಯೇ ಸೊಪ್ಪು ಕೊಡಬೇಕೆಂಬ ನಿಯಮವನ್ನು ಆ ಅಧಿಕಾರಿ ನನ್ನ ಉಪನ್ಯಾಸದಲ್ಲಿ ಬರೆದುಕೊಂಡಿದ್ದರು, ಆದರೆ ಅದರ ಕಾರಣವನ್ನು ಕೇಳಿ ತಿಳಿದದ್ದು ಅಲ್ಲಿ. (ಹಾಲುತೊಂಡೆ, ಸುಣ್ಣಕಟ್ಟು ರೋಗಗಳ ಬಗ್ಗೆ ನಾನು ತೋರಿಸುತ್ತಿದ್ದ ಚಿತ್ರಗಳಿಗಿಂತ ರೈತರು ಬೇರ್ಪಡಿಸಿ ಇಟ್ಟ ಒಂದು ಸತ್ತ ಹುಳು ಹೆಚ್ಚು ಕಲಿಸುತ್ತಿತ್ತು.)

ನಾವೂ ಒಂದು ಕಾಲಕ್ಕೆ ಕಲಿಯುವ ಕಡೆಯಲ್ಲಿದ್ದವರು. ಕೇಂದ್ರ ರೇಷ್ಮೆ ಮಂಡಳಿ ಮತ್ತು ಜಪಾನ್ ಸರ್ಕಾರದ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜೈಕಾ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ದ್ವಿತಳಿ (ಸಹಜವಾಗಿ ವರ್ಷಕ್ಕೆ ಎರಡು ಪೀಳಿಗೆ ಕಾಣುವ, ಉತ್ತಮ ನೂಲಿನ ಹುಳು) ರೇಷ್ಮೆ ಯೋಜನೆಯನ್ನು ನಡೆಸಿದವು. ಜಪಾನಿನ ತಜ್ಞರು ಇಲ್ಲಿ ಬಂದು ನೆಲೆಸಿದರು, ನಮ್ಮವರು ಅಲ್ಲಿಗೆ ಹೋಗಿ ಕಲಿತರು, ಉಪಕರಣಗಳೂ ಬಂದವು. ಜಪಾನಿನ ವಾಣಿಜ್ಯ ಮಿಶ್ರತಳಿಗಳಿಂದ ಮೈಸೂರಿನ ವಿಜ್ಞಾನಿಗಳು ಸಿಎಸ್‌ಆರ್2, ಸಿಎಸ್‌ಆರ್4 ಎಂಬ ದ್ವಿತಳಿ ಹುಳುಗಳ ತಳಿಗಳನ್ನು ರೂಪಿಸಿದರು. ಅವುಗಳ ಮಿಶ್ರತಳಿ ನಮ್ಮ ರೈತರ ಕೈಗೆ ಬಂದಿತು, ಜೊತೆಗೆ ವಿ1 ಎಂಬ ಹಿಪ್ಪುನೇರಳೆ ತಳಿಯೂ ಹರಡಿತು. ಹೀಗೆ ತಳಿ, ಸೊಪ್ಪು, ಹುಳು ಮನೆ, ವಿಸ್ತರಣಾ ಸಿಬ್ಬಂದಿ, ನೂಲು ಬಿಚ್ಚಣಿಕೆ ಎಲ್ಲವನ್ನೂ ಒಂದೇ ಯೋಜನೆಯಡಿ, ಒಂದೂವರೆ ದಶಕದವರೆಗೆ ಹಿಡಿದು ಮಾಡಿದ್ದರಿಂದಲೇ ಅದು ನಿಂತಿತು ಎಂಬುದು ನನ್ನ ಅಭಿಪ್ರಾಯ.

ನಾವು ಕೊಡುವ ಐಟೆಕ್ ತರಬೇತಿಯಲ್ಲಿ ಅಂಥ ಮುಂದುವರಿಕೆ ಇಲ್ಲ. ಪ್ರಮಾಣಪತ್ರ ಪಡೆದು ಊರಿಗೆ ಮರಳಿದವರು ಕೆಲವು ತಿಂಗಳ ನಂತರ ನನಗೆ ಬರೆಯುತ್ತಿದ್ದ ಪತ್ರಗಳಲ್ಲಿ ತಂತ್ರದ ಸಂದೇಹಗಳು ಕಡಿಮೆ. ಪದೇ ಪದೇ ಇರುತ್ತಿದ್ದುದು ಸಾಕುವ ಹುಳುವಿನ ಮೊಟ್ಟೆ ಎಲ್ಲಿಂದ ತರುವುದು ಎಂಬ ಪ್ರಶ್ನೆ. ದ್ವಿತಳಿಯ ಮೊಟ್ಟೆಗೆ ಪೋಷಕ ತಳಿಗಳ ಸಂರಕ್ಷಣೆ, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಹರಡುವ ಗಂಟುರೋಗದ ಸೂಕ್ಷ್ಮದರ್ಶಕ ಪರೀಕ್ಷೆ, ಶೀತಲಗೃಹ ಬೇಕು. ಅವಿಲ್ಲದ ದೇಶ ಮೊಟ್ಟೆಯನ್ನು ಬೇರೆ ಕಡೆಯಿಂದ ತರಿಸಬೇಕು. ಭಾರತದಿಂದ ತಳಿ ಕಳಿಸಬೇಕೆಂದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಅನುಮತಿ ಬೇಕು, ಅತ್ತ ಕಡೆ ಕ್ವಾರಂಟೈನ್ ನಿಯಮಗಳು. ಈ ಕಾಯ್ದೆ ನ್ಯಾಯವಾದದ್ದೇ, ಅದನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತರಬೇತಿಗೆ ಸೀಟು ಹಂಚುವ ಸಚಿವಾಲಯವೂ ತಳಿಗೆ ಅನುಮತಿ ಕೊಡುವ ಪ್ರಾಧಿಕಾರವೂ ಬೇರೆ ಬೇರೆ ಕಡತಗಳಲ್ಲಿ ಕೆಲಸ ಮಾಡುವಾಗ, ಬೀಜವಿಲ್ಲದ ವಿದ್ಯೆಯನ್ನು ಹೊತ್ತು ಅಭ್ಯರ್ಥಿ ಮನೆಗೆ ಹೋಗುತ್ತಾನೆ.

ಕೊನೆಕೊನೆಯ ತಂಡಗಳಿಗೆ ನಾನು ಒಂದು ದಿನವನ್ನು ಪೂರ್ತಿ ಬಿತ್ತನೆ ಮೊಟ್ಟೆ ಕೇಂದ್ರ ಸ್ಥಾಪಿಸುವ ಲೆಕ್ಕಕ್ಕೆ ಮೀಸಲಿಟ್ಟೆ. ಕಟ್ಟಡ, ಶೀತಲಗೃಹ, ಪರೀಕ್ಷಕರ ಸಂಬಳ, ವರ್ಷದ ಬೆಳೆಗಳ ಸಂಖ್ಯೆ ಎಲ್ಲವನ್ನೂ ಅವರವರ ನಾಣ್ಯದಲ್ಲಿ ಬರೆಸಿ, ಆ ಹಾಳೆಯನ್ನು ತಮ್ಮ ಸಚಿವಾಲಯಕ್ಕೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೂ ಸಲ್ಲಿಸಿ ಎಂದು ಹೇಳುತ್ತಿದ್ದೆ.