ಸ್ನೋಕ್ವಾಲ್ಮಿಗೆ ಹೊರಡುವ ಮುನ್ನ: ಹೊಸಬರಿಗೆ ಹಿಮದ ಲೆಕ್ಕ

ಸಿಯಾಟಲ್ ಕಡೆಗೆ ಬಂದ ಮೊದಲ ಚಳಿಗಾಲದಲ್ಲಿ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಸ್ನೋ ಎಲ್ಲಿ? ರೆಡ್ಮಂಡ್, ಬೆಲ್‌ವ್ಯೂ, ಸಮಾಮಿಶ್‌ಗಳಲ್ಲಿ ಬೀಳುವುದು ಬಹುಪಾಲು ಜಿಟಿಜಿಟಿ ಮಳೆ. ಹಿಮ ಬೇಕಿದ್ದರೆ ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ ಘಟ್ಟ ಹತ್ತಬೇಕು. ರಸ್ತೆ ಖಾಲಿ ಇದ್ದರೆ ಬೆಲ್‌ವ್ಯೂನಿಂದ ಮುಕ್ಕಾಲು ಗಂಟೆಯಲ್ಲಿ ಸ್ನೋಕ್ವಾಲ್ಮಿ ಪಾಸ್, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ. ಎತ್ತರ 3,022 ಅಡಿ.

ಘಟ್ಟ ಅಂದದ್ದು ಸುಮ್ಮನೆ ಅಲ್ಲ. ಪಡುವಣ ಕಡಲಿನಿಂದ ನೀರು ಹೊತ್ತು ಬರುವ ಗಾಳಿ ಕ್ಯಾಸ್ಕೇಡ್ ಬೆಟ್ಟಸಾಲಿಗೆ ತಾಗಿ ಮೇಲೇರಿ ತಣ್ಣಗಾಗಿ ಸುರಿಯುತ್ತದೆ. ಆಗುಂಬೆಯದೂ ಇದೇ ಕಥೆ. ಪಾಸ್ ದಾಟಿ ಎಲೆನ್ಸ್‌ಬರ್ಗ್‌ಗೆ ಇಳಿದರೆ ಚಳ್ಳಕೆರೆ ಸೀಮೆಯಂಥ ಒಣ ಬಯಲು. ಆದರೆ ಇಲ್ಲಿ ಸುರಿಯುವುದು ಮಳೆಯೋ ಹಿಮವೋ ಅನ್ನುವುದು ಒಂದೆರಡು ಡಿಗ್ರಿಯಲ್ಲಿ ತೀರ್ಮಾನವಾಗುತ್ತದೆ. ಹೊಸಬರು ಮೋಸ ಹೋಗುವುದೂ ಇಲ್ಲೇ.

ಸ್ಕೀ ರೆಸಾರ್ಟಿನ ಸ್ನೋ ರಿಪೋರ್ಟ್‌ನಲ್ಲಿ ದಪ್ಪಕ್ಷರದ ‘ಬೇಸ್’ ನೋಡಿ ಖುಷಿಪಡಬೇಡಿ. ಅದು ಇಡೀ ಸೀಸನ್ನಿನಲ್ಲಿ ಬಿದ್ದು ಕೂತಿರುವ ಹಿಮದ ಆಳ. ಈವತ್ತಿನ ಭವಿಷ್ಯ ಇರುವುದು ಹವಾಮಾನ ವರದಿಯ ‘ಸ್ನೋ ಲೆವೆಲ್’ನಲ್ಲಿ. ಅಂದರೆ ಯಾವ ಎತ್ತರದಿಂದ ಮೇಲೆ ಮಳೆಯ ಬದಲು ಹಿಮ ಬೀಳುತ್ತದೆ ಎಂಬ ಲೆಕ್ಕ. ಅದು 2,000 ಅಡಿ ಅಥವಾ ಕೆಳಗಿದ್ದರೆ ಹೊರಡಿ. 3,000 ಎಂದಿದ್ದರೆ ಜೂಜು. 4,500 ಎಂದಿದ್ದರೆ ಬೆಟ್ಟದ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟ್ ಮೇಲೆ ಕೂತು ನೆನೆಯಲು ದುಡ್ಡು ಕೊಟ್ಟಂತೆ. ‘ಫ್ರೀಜಿಂಗ್ ಲೆವೆಲ್’ ಬೇರೆ, ಅದು ನೀರು ಹೆಪ್ಪುಗಟ್ಟುವಷ್ಟು ಗಾಳಿ ತಣ್ಣಗಾಗುವ ಎತ್ತರ. ಹಿಮ ಸಾಮಾನ್ಯವಾಗಿ ಅದಕ್ಕಿಂತ ಸುಮಾರು 1,000 ಅಡಿ ಕೆಳಗಿನವರೆಗೂ ಕರಗದೆ ಬರುತ್ತದೆ. ಮನೆಯಲ್ಲೇ ಮಾಡಬಹುದಾದ ಅಂದಾಜು: ನಿಮ್ಮ ಅಂಗಳಕ್ಕಿಂತ ಪಾಸ್ ಸುಮಾರು ಹತ್ತು ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿರುತ್ತದೆ. ಇಲ್ಲಿ ಮಳೆಯೊಂದಿಗೆ 40 ಇದ್ದರೆ ಅಲ್ಲಿ ಹಿಮ, 48 ಇದ್ದರೆ ಅಲ್ಲೂ ಮಳೆಯೇ. ಪೂರ್ವದಿಂದ ಕೊರೆಯುವ ಗಾಳಿ ನುಗ್ಗಿದ ದಿನ ಮಾತ್ರ ಈ ಲೆಕ್ಕ ತಲೆಕೆಳಗು.

ಹಿಮದಲ್ಲೂ ಜಾತಿಗಳಿವೆ. ಅಕ್ಕಿಹಿಟ್ಟಿನಂತೆ ಊದಿದರೆ ಹಾರುವುದು ಪೌಡರ್. ನಮ್ಮ ಕಡೆ ಅದು ಅಪರೂಪದ ಅತಿಥಿ. ನಮ್ಮದು ನೆನೆದ ರವೆಯಂಥ ಭಾರದ ಹಿಮ. ‘ಕ್ಯಾಸ್ಕೇಡ್ ಕಾಂಕ್ರೀಟ್’ ಎಂದು ಇಲ್ಲಿಯವರೇ ಅಡ್ಡಹೆಸರು ಇಟ್ಟಿದ್ದಾರೆ. ಕಾಲು ಸಿಕ್ಕಿಕೊಂಡರೆ ಮಂಡಿ ತಿರುಚುತ್ತದೆ, ಕಲಿಯುವವರಿಗೆ ಬೇಗ ಸುಸ್ತು. ಹಗಲು ಮಳೆ ಬಂದು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಇಳಿಜಾರು ಮಲೆನಾಡಿನ ಪಾಚಿ ಕಟ್ಟಿದ ಅಂಗಳವೇ. ಮೊದಲ ಸಲ ಹೋಗುವವರಿಗೆ ಯಂತ್ರದಿಂದ ಹದ ಮಾಡಿದ, ‘ಗ್ರೂಮ್ಡ್’ ಎಂದು ಬರೆದಿರುವ ಇಳಿಜಾರು ಸಾಕು.

ದ ಸಮಿಟ್ ಅಟ್ ಸ್ನೋಕ್ವಾಲ್ಮಿ ಒಂದೇ ಸ್ಕೀ ರೆಸಾರ್ಟ್ ಆದರೂ ನಾಲ್ಕು ಕಡೆ ಹರಡಿದೆ. ಎಕ್ಸಿಟ್ 52ರಲ್ಲಿ ಇಳಿದರೆ ಸಮಿಟ್ ವೆಸ್ಟ್: ತಗ್ಗಾದ, ಅಗಲವಾದ ಇಳಿಜಾರು, ಕಲಿಯುವವರ ಜಾಗ. ಪಕ್ಕದ ಸೆಂಟ್ರಲ್‌ನಲ್ಲಿ ಎಲ್ಲ ಬಗೆಯದೂ ಇದೆ, ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಜಾರುವ ಟ್ಯೂಬಿಂಗ್ ಕೂಡ ಅಲ್ಲೇ. ಈಸ್ಟ್ ಅನ್ನು ಹಳಬರು ಇನ್ನೂ ಹಯಾಕ್ ಎನ್ನುತ್ತಾರೆ. ನಾಲ್ಕನೆಯದು ಹೆದ್ದಾರಿಯ ಆಚೆ, ಅಲ್ಪೆಂಟಲ್. ಅದರ ತುದಿ 5,420 ಅಡಿ, ಬಂಡೆ, ಕಡಿದಾದ ಇಳಿಜಾರು. ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ ಎಂಬ ಗುರುತು ಆಯಾ ಬೆಟ್ಟಕ್ಕೆ ಹೋಲಿಸಿ ಹಾಕಿದ್ದು. ವೆಸ್ಟ್‌ನಲ್ಲಿ ನೀಲಿ ಇಳಿದೆ ಎಂದು ಆಫೀಸಿನ ಗೆಳೆಯರ ಹಿಂದೆ ಅಲ್ಪೆಂಟಲ್ ಹತ್ತಬೇಡಿ. ಮಕ್ಕಳಿಗೆ ಇನ್ನೊಂದು ಮಾತು ಹೇಳಿಟ್ಟಿರಿ: ದೊಡ್ಡ ಫರ್ ಮರಗಳ ಬುಡದಲ್ಲಿ, ಕೊಂಬೆಗಳ ಮರೆಯಲ್ಲಿ ಹಿಮ ಸಡಿಲವಾಗಿ ಗುಂಡಿಯಾಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರಲಾಗದು, ಉಸಿರುಕಟ್ಟುತ್ತದೆ. ಮರಗಳ ನಡುವೆ ಒಂಟಿಯಾಗಿ ಬೇಡ, ಹಗ್ಗ ಕಟ್ಟಿದ ಗಡಿ ದಾಟುವುದಂತೂ ಬೇಡವೇ ಬೇಡ.

ರಸ್ತೆಯ ವಿಷಯ. ‘ಚೈನ್ಸ್ ರಿಕ್ವೈರ್ಡ್’ (ಚಕ್ರಕ್ಕೆ ಸರಪಳಿ ಕಟ್ಟಲೇಬೇಕು) ಎಂದು ಬೋರ್ಡು ಬಂದಾಗ ಪಾಲಿಸದಿದ್ದರೆ 500 ಡಾಲರ್‌ವರೆಗೂ ದಂಡ. ಆಲ್-ವೀಲ್ ಡ್ರೈವ್ ಇದ್ದವರು ಸಾಮಾನ್ಯವಾಗಿ ಕಟ್ಟಬೇಕಿಲ್ಲ, ಆದರೆ ಡಿಕ್ಕಿಯಲ್ಲಿ ಚೈನ್ ಇರಲೇಬೇಕು. ನಾನು ಮೊದಲ ವರ್ಷ ಚೈನ್ ಡಬ್ಬ ಒಡೆದದ್ದು ರಸ್ತೆ ಬದಿಯ ಕತ್ತಲಲ್ಲಿ, ಜೀನ್ಸ್ ಹಾಕಿಕೊಂಡು, ಕೆಸರು ಹಿಮದಲ್ಲಿ ಮಂಡಿಯೂರಿ. ನಲವತ್ತು ನಿಮಿಷವಾದ ಮೇಲೆ ಗೊತ್ತಾಯಿತು, ಹಿಂದಿನ ಚಕ್ರಕ್ಕೆ ಕಟ್ಟಿದ್ದೆ. ನಮ್ಮದು ಮುಂದಿನ ಚಕ್ರದಲ್ಲಿ ಓಡುವ ಕಾರು. ಬೆರಳುಗಳಿಗೆ ಮತ್ತೆ ಜೀವ ಬಂದದ್ದು ಮನೆಗೆ ವಾಪಸಾದ ಮೇಲೆ. ಆದ್ದರಿಂದ ಗ್ಯಾರೇಜಿನಲ್ಲಿ ಒಂದು ಸಲ ಕಟ್ಟಿ ಬಿಚ್ಚಿ ನೋಡಿ. ಬೆಟ್ಟದಿಂದ ಹಿಮ ಕುಸಿಯುವ ಭಯವಿದ್ದಾಗ ಅದನ್ನು ಮೊದಲೇ ಸ್ಫೋಟಿಸಿ ಇಳಿಸಲು ಐ-90 ಮುಚ್ಚುವುದೂ ಉಂಟು. ಹೊರಡುವ ಮುನ್ನ ರಾಜ್ಯ ಸಾರಿಗೆ ಇಲಾಖೆಯ ಪಾಸ್ ಕ್ಯಾಮೆರಾ ನೋಡಿ.

ಊರಿಂದ ಬಂದ ಅಪ್ಪ-ಅಮ್ಮನಿಗೆ ಹಿಮ ಮುಟ್ಟಿದರೆ ಸಾಕು. ಹಯಾಕ್‌ನ ಸ್ನೋ-ಪಾರ್ಕ್‌ನಲ್ಲಿ ಮಕ್ಕಳು ಸ್ಲೆಡ್ ಮೇಲೆ ಜಾರುವುದನ್ನು ಅವರೂ ನೋಡಬಹುದು. ಅಲ್ಲಿ ಕಾರು ನಿಲ್ಲಿಸಲು ರಾಜ್ಯದ ಪಾರ್ಕುಗಳ ಡಿಸ್ಕವರ್ ಪಾಸ್ ಒಂದೇ ಸಾಲದು, ಸ್ನೋ-ಪಾರ್ಕ್ ಪರ್ಮಿಟ್ ಮೊದಲೇ ತೆಗೆದುಕೊಳ್ಳಿ. ಹಿರಿಯರು ಜಾರಿ ಬೀಳುವುದು ಇಳಿಜಾರಿನಲ್ಲಲ್ಲ, ಪಾರ್ಕಿಂಗ್ ಜಾಗದಲ್ಲಿ. ಕೈ ಹಿಡಿದು ಇಳಿಸಿ. ಉಣ್ಣೆಯ ಕೈಗವಸು ಹತ್ತು ನಿಮಿಷಕ್ಕೆ ನೆನೆಯುತ್ತದೆ, ನೀರು ಹೀರದ್ದು ಕೊಳ್ಳಿ. ಒಂದೇ ದಿನಕ್ಕಾದರೆ ಸ್ನೋ ಪ್ಯಾಂಟ್ ನಮ್ಮ ಸಂಘದವರನ್ನೇ ಕೇಳಿ, ಮಕ್ಕಳು ಬೆಳೆದ ಮನೆಗಳಲ್ಲಿ ಎಲ್ಲ ಅಳತೆಯದೂ ಬಿದ್ದಿರುತ್ತದೆ. ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ, ತಲೆಗೊಂದರಂತೆ ಒಣ ಸಾಕ್ಸ್ ಕಾರಿನಲ್ಲೇ ಇರಲಿ. ಭಾನುವಾರ ಮಧ್ಯಾಹ್ನ ಮೂರರ ನಂತರ ಪಶ್ಚಿಮಕ್ಕೆ ಇಳಿಯುವ ಸಾಲು ಉದ್ದ, ಮಕ್ಕಳಿಗೆ ಹಸಿವಾಗುವುದೂ ಆಗಲೇ.